ಷಡ್ಡಕನ ಗೆರೆಯಿಲ್ಲದ ಕನ್ನಡಕ

ಷಡ್ಡಕನ ಮೇಲೆ ಹೊಟ್ಟೆಕಿಚ್ಚು ಪಡದ ಗಂಡಸನ್ನು ನಾನಿನ್ನೂ ನೋಡಿಲ್ಲ. ಅಣ್ಣತಮ್ಮಂದಿರ ಜೊತೆ ಜಗಳವಾಡಲು ಜಮೀನಿರುತ್ತದೆ, ಪಕ್ಕದ ಮನೆಯವರ ಜೊತೆ ಜಗಳವಾಡಲು ಮೋರಿಯಿರುತ್ತದೆ. ಹೆಂಡತಿಯ ತಂಗಿಯ ಗಂಡನ ಜೊತೆ ಜಗಳಕ್ಕೆ ಏನೂ ಇರುವುದಿಲ್ಲ. ಹಬ್ಬದ ದಿನ ಒಂದೇ ಪಂಕ್ತಿಯಲ್ಲಿ ಕೂತು, ಅತ್ತೆ ಯಾರ ಎಲೆಗೆ ಮೊದಲು ಹೋಳಿಗೆ ಹಾಕಿದರು ಎಂದು ಓರೆಗಣ್ಣಿನಲ್ಲಿ ನೋಡಿಕೊಂಡು, ನಗುನಗುತ್ತಲೇ ಒಳಗೊಳಗೆ ಬೇಯಬೇಕು. ನನ್ನ ಷಡ್ಡಕ ಲೋಕೇಶ ಒಳ್ಳೆಯವನು. ತೊಂದರೆಯೇ ಅದು. ಕೆಟ್ಟವನಾಗಿದ್ದರೆ ನಾಲ್ಕು ಜನರ ಹತ್ತಿರ ಹೇಳಿಕೊಂಡಾದರೂ ಹಗುರಾಗಬಹುದಿತ್ತು.

ನಾನು ದೊಡ್ಡಬಳ್ಳಾಪುರದಲ್ಲಿ ನಾಲ್ಕು ಮಗ್ಗ ಹಾಕಿಕೊಂಡು ಸೀರೆ ನೇಯಿಸುವವನು. ಮಾವನ ಮನೆ ಬೂದಿಗೆರೆ. ಆ ಮನೆಯಲ್ಲಿ ನನಗಿದ್ದ ಪದವಿ ಒಂದೇ, ಲಗ್ನಪತ್ರಿಕೆ ಓದುವುದು. ಬರೆಯುವವರು ಪುರೋಹಿತರೇ ಆದರೂ ನಿಶ್ಚಿತಾರ್ಥದ ದಿನ ಎರಡೂ ಕಡೆಯವರ ಎದುರು ನಿಂತು ಗಟ್ಟಿಯಾಗಿ ಓದುವ ಹಕ್ಕು ಅಲ್ಲಿ ಹಿರಿಯ ಅಳಿಯನದು. ಮಗ್ಗದ ಸದ್ದನ್ನು ಮೀರಿ ಮಾತಾಡಿ ಪಳಗಿದ ಗಂಟಲು ನನ್ನದು, ಮೈಕು ಬೇಕಿಲ್ಲ. ಇಪ್ಪತ್ತೈದು ವರ್ಷ ಈ ಪದವಿಗೆ ಕುತ್ತು ಬಂದಿರಲಿಲ್ಲ. ಹೋದ ಸಲ ಮಾತ್ರ ಕಾಗದವನ್ನು ಕೈ ಪೂರ್ತಿ ಚಾಚಿ ಹಿಡಿದರೂ ಅಕ್ಷರಗಳು ಒಂದಕ್ಕೊಂದು ಅಂಟಿಕೊಂಡೇ ಕಂಡವು. ಧೈರ್ಯ ಮಾಡಿ "ಹದಿನೆಂಟನೇ ತಾರೀಖು" ಎಂದು ಓದಿದೆ. ಹಿಂದೆ ನಿಂತಿದ್ದ ಲೋಕೇಶ ಬಗ್ಗಿ ನೋಡಿ, "ಹದಿನೆಂಟಲ್ಲ ಅಣ್ಣ, ಹದಿನಾರು" ಎಂದ. ಮೆಲ್ಲಗೇ ಹೇಳಿದ, ಪಾಪ. ಆದರೆ ಮದುವೆಯ ತಾರೀಖು ನೋಡಿ, ಇಡೀ ಸಭೆಗೆ ಕೇಳಿಸಿತು.

ಅವತ್ತು ಊಟದ ಹೊತ್ತಿಗೆ ಅವನು ತನ್ನ ಹೊಸ ಕನ್ನಡಕ ತೆಗೆದು ನನ್ನ ಕೈಗಿಟ್ಟ. "ಇದರಲ್ಲಿ ಗೆರೆನೇ ಇಲ್ಲ ನೋಡಿ ಅಣ್ಣ. ಮೇಲುಗಡೆ ದೂರ ಕಾಣುತ್ತೆ, ಕೆಳಗಡೆ ಹತ್ರ ಕಾಣುತ್ತೆ. ಎರಡೇ ದಿನಕ್ಕೆ ಒಗ್ಗೋಯ್ತು." ನನ್ನ ಜೇಬಿನಲ್ಲಿ ದೂರಕ್ಕೊಂದು, ಓದಲಿಕ್ಕೊಂದು ಎಂದು ಎರಡು ಕನ್ನಡಕಗಳಿದ್ದವು, ಓದುವುದನ್ನು ನಾಚಿಕೆಗೆ ತೆಗೆದಿರಲಿಲ್ಲ ಅಷ್ಟೆ. ಅವನ ಕನ್ನಡಕ ಹಿಂತಿರುಗಿಸುವಾಗ ಗಾಜಿನ ಮೇಲೆ ನನ್ನ ಹೆಬ್ಬೆಟ್ಟಿನ ಗುರುತು ಬಿದ್ದಿತ್ತು. ಬಿದ್ದಿತ್ತು ಎಂದೆನೇ? ಒತ್ತಿದ್ದೆ.

ಈ ಬೇಸಿಗೆಯಲ್ಲಿ ಭಾವಮೈದ ನಾಗರಾಜನ ಮಗಳಿಗೆ ನಿಶ್ಚಿತಾರ್ಥ ಗೊತ್ತಾಯಿತು. ಇನ್ನು ಹದಿನೈದು ದಿನವಿತ್ತು. ಪದವಿ ಉಳಿಸಿಕೊಳ್ಳಲೇಬೇಕೆಂದು ನಮ್ಮೂರಿನ ಅಂಗಡಿಯಲ್ಲಿ ನಾನೂ ಅಂಥದ್ದೇ ಕನ್ನಡಕ ಮಾಡಿಸಿದೆ. ಅಂಗಡಿಯ ಹುಡುಗಿ ಪಾಠ ಮಾಡಿದಳು. "ಪಕ್ಕಕ್ಕೆ ನೋಡ್ಬೇಕಾದ್ರೆ ಕಣ್ಣು ತಿರುಗಿಸ್ಬೇಡಿ ಸಾರ್, ಮೂಗು ತಿರುಗ್ಸಿ. ಓದೋವಾಗ ತಲೆ ಬಗ್ಗಿಸ್ಬೇಡಿ, ಕಣ್ಣು ಮಾತ್ರ ಕೆಳಗಿಳ್ಸಿ. ಮೆಟ್ಲು ಇಳಿಯೋವಾಗ ತಲೆ ಪೂರ್ತಿ ಬಗ್ಸಿ." ಐವತ್ತೇಳು ವರ್ಷ ಯಾರ ಪಾಠವೂ ಇಲ್ಲದೆ ನೋಡಿಕೊಂಡು ಬಂದವನಿಗೆ ನೋಡುವುದನ್ನೇ ಮೊದಲಿನಿಂದ ಕಲಿಯುವ ಯೋಗ ಬಂತು.

ಅಂಗಡಿಯ ಮೆಟ್ಟಿಲಲ್ಲೇ ಪರೀಕ್ಷೆ ಶುರುವಾಯಿತು. ಮೂರು ಮೆಟ್ಟಿಲು ಐದಾಗಿ ಕಂಡು, ಇಲ್ಲದ ನಾಲ್ಕನೆಯದಕ್ಕೆ ಕಾಲಿಟ್ಟೆ. ಮನೆಯಲ್ಲಿ ಮಗ್ಗದ ಮುಂದೆ ನಿಂತರೆ ನೆಟ್ಟಗಿನ ಸೀರೆಯ ಅಂಚು ಹಾವಿನ ಹಾಗೆ ಹರಿದಾಡಿತು. ಕೆಲಸದ ಮುನಿರಾಜುವನ್ನು ಸುಮ್ಮನೆ ಬೈದೆ. ಅವನು ಟೇಪು ಹಿಡಿದು ಅಂಚನ್ನು ಅಳೆದು ತೋರಿಸಿ, "ಅಂಚು ಸರ್ಯಾಗೈತೆ, ನಿಮ್ ಮೂಗೇ ಸೊಟ್ಟಗೈತಣ್ಣೋ" ಎಂದು ಹೋದ. ದಿನವೂ ಬೆಳಿಗ್ಗೆ ಹಳೆಯ ಲಗ್ನಪತ್ರಿಕೆಯೊಂದನ್ನು ಹಿಡಿದು ಅಭ್ಯಾಸಕ್ಕೆ ಕೂರುತ್ತಿದ್ದೆ. ಗಾಜಿನಲ್ಲಿ ಓದುವ ಜಾಗ ಬೆರಳಗಲ, ಅದು ಸಿಗುವವರೆಗೆ ತಲೆಯನ್ನು ಮೇಲಕ್ಕೆತ್ತಿ, ಕೆಳಕ್ಕಿಳಿಸಿ ಹುಡುಕಬೇಕು. ಹೆಂಡತಿ ಶಾರದೆ ಕಾಫಿ ತಂದಿಟ್ಟು, "ಲೋಕೇಶ್‌ಗೆ ಎರಡೇ ದಿನಕ್ಕೆ ಒಗ್ಗೋಯ್ತಂತಲ್ಲ" ಎನ್ನುತ್ತಿದ್ದಳು. ಇಂಥ ಮಾತನ್ನು ಹೆಂಡತಿಯರು ಕಾಫಿಯ ಜೊತೆಗೇ ಏಕೆ ಕೊಡುತ್ತಾರೋ ತಿಳಿಯದು. ಅವನ ಕಣ್ಣು ಎರಡೇ ದಿನಕ್ಕೆ ಒಗ್ಗಿತು, ನನ್ನದು ಒಂಬತ್ತು ದಿನವಾದರೂ ಒಗ್ಗಲಿಲ್ಲ. ಕಣ್ಣುಗಳ ಮಟ್ಟಿಗೂ ದೇವರು ಚಿಕ್ಕಳಿಯನ ಪಕ್ಷವೇ ಎಂದು ಹೊಟ್ಟೆ ಉರಿಯಿತು.

ನಿಶ್ಚಿತಾರ್ಥದ ದಿನ ಗಂಡಿನ ಕಡೆಯವರು ಚಾಪೆ ತುಂಬ ಕೂತಿದ್ದರು. ಪುರೋಹಿತರು ಪತ್ರಿಕೆ ಬರೆದು ಅರಿಸಿನ ಹಚ್ಚಿ ನನ್ನ ಕೈಗೇ ಕೊಟ್ಟರು. ಎದೆ ಉಬ್ಬಿತು. ಎದ್ದು ನಿಲ್ಲುವ ಮೊದಲು ಒಮ್ಮೆ ನೋಡಿಕೊಳ್ಳೋಣವೆಂದು ಕಾಗದ ಬಿಡಿಸಿ, ಆ ಬೆರಳಗಲದ ಜಾಗಕ್ಕಾಗಿ ಹುಡುಕತೊಡಗಿದೆ. ತಲೆ ಮೇಲೆ, ತಲೆ ಕೆಳಗೆ. ಪಕ್ಕದಲ್ಲಿ ನಾಗರಾಜ ಬಂದು ಕೂತು ಏನೋ ಕೇಳುತ್ತಿದ್ದುದು ಕಿವಿಗೆ ಬಿತ್ತು, ತಲೆಗೆ ಹೋಗಲಿಲ್ಲ. ಇನ್ನೇನು "ಶ್ರೀ" ಕಂಡಿತು ಎನ್ನುವಷ್ಟರಲ್ಲಿ ನಾಗರಾಜ ಕಾಗದವನ್ನು ನನ್ನ ಕೈಯಿಂದ ಮೆಲ್ಲಗೆ ಎಳೆದುಕೊಂಡ.

"ದೊಡ್ಡ್ ಭಾವ ಒಪ್ಪಿದ್ರಮ್ಮ!" ನಾಗರಾಜ ತಾಯಿಗೆ ಕೂಗಿ ಹೇಳಿದ. "ಈ ಸಲ ಲೋಕೇಶ್ ಭಾವ ಓದ್ಲಿಯಾ ಅಂತ ಕೇಳ್ದೆ, ಮೂರ್ ಸಲ ತಲೆ ಆಡಿಸ್ಬಿಟ್ರು!"

ಅತ್ತೆ ಗಂಡಿನ ತಾಯಿಯತ್ತ ತಿರುಗಿ, "ನಮ್ ದೊಡ್ಡಳಿಯಂದಿರ ಮನಸ್ಸೇ ದೊಡ್ಡದು ಕಣಮ್ಮ. ಚಿಕ್ಕೋರಿಗೆ ಬಿಟ್ಟುಕೊಡೋದು ಎಲ್ರಿಗೂ ಬರಲ್ಲ" ಎಂದರು. ಇಷ್ಟಾದ ಮೇಲೆ ಬೀಗರ ಮುಂದೆ, "ಇಲ್ಲಮ್ಮ, ನಾನು ಅಕ್ಷರ ಹುಡುಕುತ್ತಿದ್ದೆ" ಎಂದು ಹೇಳಲಾದೀತೇ? ಇನ್ನೊಮ್ಮೆ ತಲೆಯಾಡಿಸಿದೆ, ಈ ಸಲ ಬೇಕೆಂದೇ.

ಲೋಕೇಶ ಓದಿದ. ಒಂದು ತಪ್ಪಾದರೂ ಬರಲಿ ಎಂದು ಕಿವಿ ನಿಮಿರಿಸಿ ಕೂತೆ. ತಿಥಿ, ನಕ್ಷತ್ರ, ಮುತ್ತಜ್ಜನ ಹೆಸರು, ಎಲ್ಲವನ್ನೂ ನಿಲ್ಲದೆ ಓದಿಬಿಟ್ಟ. ಓದಿ ಮುಗಿಸಿ ನೇರವಾಗಿ ನನ್ನ ಹತ್ತಿರ ಬಂದು, "ನಿಮ್ಮ ಜಾಗ ಇದು. ಆಶೀರ್ವಾದ ಮಾಡಿ ಅಣ್ಣ" ಎಂದು ಕಾಲಿಗೆ ಬಗ್ಗಿದ. ನಾನು ತಲೆ ಬಗ್ಗಿಸಲಿಲ್ಲ, ಕಣ್ಣು ಮಾತ್ರ ಕೆಳಗಿಳಿಸಿದೆ. ಹತ್ತು ದಿನ ಸತಾಯಿಸಿದ ಆ ಬೆರಳಗಲದ ಜಾಗ ತಾನಾಗಿ ಸಿಕ್ಕಿತು. ಲೋಕೇಶನ ನೆತ್ತಿ ನಿಚ್ಚಳವಾಗಿ ಕಂಡಿತು. ಕರಿ ಬಣ್ಣದ ಕೆಳಗೆ, ಪ್ರತಿ ಕೂದಲ ಬುಡದಲ್ಲೂ ಬಿಳಿ! ಒಂದೊಂದನ್ನೂ ಎಣಿಸಬಹುದಿತ್ತು. "ನೂರ್ಕಾಲ ಚೆನ್ನಾಗಿರಪ್ಪ" ಎಂದೆ, ಮನಸ್ಸು ತುಂಬಿ. ಅಷ್ಟು ಪ್ರೀತಿಯಿಂದ ನಾನು ಅವನನ್ನು ಎಂದೂ ಹರಸಿರಲಿಲ್ಲ.

ಆಮೇಲೆ ಮೆಟ್ಟಿಲು ಲೆಕ್ಕ ತಪ್ಪದೆ ಇಳಿದೆ, ಬಸ್ಸಿನ ಬೋರ್ಡು ದೂರದಿಂದಲೇ ಓದಿದೆ, ಟಿಕೆಟ್ಟಿನ ಸಣ್ಣಕ್ಷರವನ್ನೂ ಬಿಡಲಿಲ್ಲ. ದೇವನಹಳ್ಳಿ ದಾಟುವವರೆಗೆ ಹೇಗೋ ತಡೆದುಕೊಂಡು, ಕೊನೆಗೆ ಶಾರದೆಯ ಕಿವಿಯಲ್ಲಿ ಹೇಳಿಯೇಬಿಟ್ಟೆ. "ನೋಡಿದ್ಯಾ, ನಿನ್ನ ಲೋಕೇಶ ತಲೆಗೆ ಬಣ್ಣ ಬಳಿತಾನೆ."

ಅವಳು ಕಿಟಕಿಯಿಂದ ಕಣ್ಣು ತೆಗೆಯಲಿಲ್ಲ. "ಗೊತ್ತು ಬಿಡಿ. ನಿಮ್ ತಲೆಗೆ ನಾನು ತಿಂಗಳಿಗೊಂದ್ಸಲ ಹಚ್ತೀನಲ್ಲ, ಅದ್ಯಾವ ಡಬ್ಬಿ ಅಂತ ಅವರನ್ನೇ ಕೇಳಿ ತಂದಿದ್ದು."

ಅಂದರೆ ಬಿಳಿಕೂದಲು ಮುಚ್ಚಿಕೊಳ್ಳುವುದರಲ್ಲೂ ಅವನೇ ನನಗಿಂತ ಮುಂದು.