ಹನ್ನೊಂದು ಹರಕೆಯ ಒಂದು ಚೀನಿಕಾಯಿ

ನನ್ನ ಅಕ್ಕ ಮಾತು ಕೊಡದೆ ಬಿಟ್ಟ ದೇವರು ಉಡುಪಿಯಿಂದ ಕಾರ್ಕಳದವರೆಗೆ ಒಬ್ಬರಾದರೂ ಉಳಿದಿದ್ದಾರೆಯೇ? ನನಗೆ ಅನುಮಾನ. ಉಳಿದಿದ್ದರೆ, ಓದುಗರೇ, ನಿಮ್ಮ ದಮ್ಮಯ್ಯ, ಅವಳಿಗೆ ಹೇಳಬೇಡಿ. ಹೇಳಿದರೆ ನಾಳೆ ಬೆಳಗ್ಗೆಯೇ ಆ ದೇವರಿಗೂ ಒಂದು ಹರಕೆ ಹೊರುತ್ತಾಳೆ. ಅದನ್ನು ಒಪ್ಪಿಸಲು ಅವಳನ್ನು ಬೈಕಿನಲ್ಲಿ ಕರೆದೊಯ್ಯಬೇಕಾದವನು ನಾನು.

ಕಾಯಿಲೆ, ಕೋರ್ಟು, ಮದುವೆ ಎಂದು ಎಲ್ಲರೂ ಹರಕೆ ಹೊರುತ್ತಾರೆ. ಅಕ್ಕನಿಗೆ ಅಷ್ಟು ದೊಡ್ಡ ಕಾರಣಗಳೇ ಬೇಕಾಗಿಲ್ಲ. ಒಮ್ಮೆ ಮಣಿಪಾಲದಲ್ಲಿ ಬಸ್ಸಿಗೆ ಕಾಯುತ್ತಿದ್ದವಳು "ಸೀಟು ಸಿಕ್ಕಿದರೆ ಕಡಿಯಾಳಿ ದೇವಿಗೆ ಒಂದು ತೆಂಗಿನಕಾಯಿ" ಎಂದುಕೊಂಡಳಂತೆ. ಸೀಟು ಸಿಕ್ಕಿತು, ಅದೂ ಕಿಟಕಿ ಬದಿಯದು. ಆದರೆ ಕೊಟ್ಟ ಮಾತು ತಡ ಮಾಡಬಾರದಲ್ಲ? ಕಡಿಯಾಳಿ ಬಂದ ಕೂಡಲೇ ಆ ಸೀಟು ಬಿಟ್ಟು ಇಳಿದು, ಕಾಯಿ ಒಡೆಸಿ, ಮುಂದಿನ ಬಸ್ಸಿನಲ್ಲಿ ಕಾಪುವಿನವರೆಗೆ ನಿಂತುಕೊಂಡೇ ಬಂದಳು.

ಅವಳ ಹರಕೆ ಅವಳೇ ತೀರಿಸಿಕೊಳ್ಳಲಿ, ನಮಗೇನು ಎನ್ನುತ್ತೀರಾ? ಅಲ್ಲೇ ಇರುವುದು ಗಮ್ಮತ್ತು. ಅವಳು ಬೇರೆಯವರ ಪರವಾಗಿಯೂ ಹೊರುತ್ತಾಳೆ. ನನಗೆ ಡ್ರೈವಿಂಗ್ ಲೈಸೆನ್ಸ್ ಸಿಕ್ಕಿದರೆ ಧರ್ಮಸ್ಥಳಕ್ಕೆ ಮುಡಿ ಕೊಡುವುದೆಂದು ಹೇಳಿಕೊಂಡಿದ್ದಳು. ಹರಕೆ ಅವಳದು, ಕೂದಲು ನನ್ನದು! ಮರುವಾರವೇ ಕಟಪಾಡಿಯಲ್ಲಿ ಪೊಲೀಸರು ನಿಲ್ಲಿಸಿ ಲೈಸೆನ್ಸಿನ ಫೋಟೋ ನೋಡಿದರು, ನನ್ನ ತಲೆ ನೋಡಿದರು, ಮತ್ತೆ ಫೋಟೋ ನೋಡಿದರು. "ಇದು ಯಾರ ಲೈಸೆನ್ಸ್?" ಎಂದರು. ಅಕ್ಕನ ಕಥೆಯನ್ನು ಮೊದಲಿನಿಂದ ಹೇಳಬೇಕಾಯಿತು. ಅವರು ನಕ್ಕು ಬಿಟ್ಟುಬಿಟ್ಟರು.

ಇನ್ನೊಮ್ಮೆ ಅಕ್ಕ ಟೀಚರಾಗಿರುವ ಶಾಲೆಯ ಬೀಗದ ಕೈ ಗೊಂಚಲು ಕಳೆಯಿತು. ನಮ್ಮ ಕಡೆ ಕಳೆದ ವಸ್ತು ಹುಡುಕಿಕೊಡುವವನು ಕೊರಗಜ್ಜನೆಂಬ ದೈವ, ಅಕ್ಕ ಅವನಿಗೇ ಹೇಳಿಕೊಂಡಳು. ಅವನಿಗೆ ಚಕ್ಕುಲಿ, ವೀಳ್ಯ, ಜೊತೆಗೆ ಒಂದು ಬಾಟಲಿ ಒಪ್ಪಿಸುವುದು ಕ್ರಮ. ಕೈ ಗೊಂಚಲು ಅಕ್ಕನ ಬ್ಯಾಗಿನ ಹರಿದ ಲೈನಿಂಗಿನೊಳಗೇ ಸಿಕ್ಕಿತು. ಆದರೆ ಟೀಚರ್ ಹೋಗಿ ವೈನ್ ಶಾಪಿನಲ್ಲಿ ನಿಲ್ಲುವುದು ಹೇಗೆ? ತಮ್ಮ ಇದ್ದಾನಲ್ಲ. ಬಾಟಲಿ ಮುಟ್ಟಿ ಗೊತ್ತಿಲ್ಲದ ನಾನು ಮುಖ ತಗ್ಗಿಸಿ ಸಾಲಿನಲ್ಲಿ ನಿಂತೆ. ನನಗಿಂತ ಇಬ್ಬರು ಮುಂದೆ ನಿಂತಿದ್ದವರು ಹಿಂದೆ ತಿರುಗಿದರು. ನನ್ನ ಮಾವ! "ಹರಕೆಗೆ," ಎಂದೆ ನಾನು. "ನಾನೂ ಅದಕ್ಕೇ," ಎಂದರು ಅವರು. ಆ ವಿಷಯ ಇಂದಿನವರೆಗೆ ನಮ್ಮ ಮನೆಯಲ್ಲಿ ಎದ್ದಿಲ್ಲ.

ಇಂಥ ಅಕ್ಕ ಕಾಪು ಮತ್ತು ಶಂಕರಪುರದ ನಡುವಿನ ಒಂದು ಸಣ್ಣ ಪ್ರಾಥಮಿಕ ಶಾಲೆಯ ಮುಖ್ಯ ಶಿಕ್ಷಕಿ. ಹತ್ತೊಂಬತ್ತು ಮಕ್ಕಳು. ಶಾಲೆಯ ಹಿಂದೆ ಮಣ್ಣೇ ಇಲ್ಲದ ಮುರಕಲ್ಲಿನ ಒಂದು ತುಂಡು ಜಾಗ. ಅಲ್ಲಿ ಕೈತೋಟ ಮಾಡಿಯೇ ಸಿದ್ಧ ಎಂದು ಹಟ ಹಿಡಿದಳು. ಮೊದಲ ವರ್ಷ ಮಕ್ಕಳು ಬುಟ್ಟಿಯಲ್ಲಿ ಮಣ್ಣು ಹೊತ್ತು, ಸೆಗಣಿ ಹಾಕಿ, ಬೆಂಡೆ, ಅಲಸಂಡೆ, ಹರಿವೆ ಎಲ್ಲ ಬಿತ್ತಿದರು. ಮೊಳಕೆ ಬಂದದ್ದೇ ತಡ, ನವಿಲುಗಳು ಬಂದು ಸಾಲು ಹಿಡಿದು ಊಟ ಮುಗಿಸಿ ಹೋದವು. ಅಕ್ಕ ನೇರವಾಗಿ ಸುಬ್ರಹ್ಮಣ್ಯನಿಗೆ ದೂರು ಕೊಟ್ಟಳು. "ನಿನ್ನ ವಾಹನವನ್ನು ನೀನೇ ನೋಡಿಕೋ. ಮುಂದಿನ ವರ್ಷ ಈ ಕಡೆ ಬಾರದಿದ್ದರೆ ಹಾಲಿನ ಅಭಿಷೇಕ" ಎಂದಳು. ಮರುವರ್ಷ ಮಕ್ಕಳು ತಾಯಂದಿರ ಹಳೆ ಸೀರೆಗಳನ್ನು ಬೇಲಿಗೆ ಸುತ್ತ ಕಟ್ಟಿದರು. ಸೀರೆಗೆ ಹೆದರಿದವೋ, ಯಜಮಾನರು ಬೈದರೋ, ನವಿಲುಗಳು ಬರಲಿಲ್ಲ.

ಆ ವರ್ಷ ತೋಟವೇ ಪಾಠಶಾಲೆಯಾಯಿತು. ಬಳ್ಳಿ ದಿನಕ್ಕೆ ಎಷ್ಟು ಬೆಳೆಯಿತೆಂದು ಸ್ಕೇಲು ಹಿಡಿದು ಅಳೆಯುವವರು ಮೂರನೆಯ ತರಗತಿಯವರು. ಬರೆದಿಡುವವರು ಐದನೆಯವರು. ಒಂದನೆಯವರಿಗೆ ಹುಳ ಹೆಕ್ಕುವ ಕೆಲಸ, ಅವರು ಹುಳಗಳಿಗೆ ಹೆಸರಿಟ್ಟು ಸಾಕತೊಡಗಿದ್ದು ಬೇರೆ ವಿಷಯ. ಹರಿವೆ ಸೊಪ್ಪು ಎಂದರೆ ಮುಖ ತಿರುಗಿಸುತ್ತಿದ್ದವರೆಲ್ಲ "ಇದು ನಾನು ನೀರು ಹಾಕಿದ್ದು" ಎಂದು ಬಿಸಿಯೂಟದಲ್ಲಿ ಎರಡೆರಡು ಸಲ ಹಾಕಿಸಿಕೊಂಡರು.

ಆದರೆ ಎಲ್ಲರ ಕಣ್ಣು ಇದ್ದದ್ದು ಚೀನಿಕಾಯಿಯ ಮೇಲೆ. ಸಿಹಿಕುಂಬಳಕ್ಕೆ ನಮ್ಮಲ್ಲಿ ಹಾಗೆನ್ನುವುದು. ಬಳ್ಳಿ ಬೇಲಿ ಹತ್ತಿ ಶೌಚಾಲಯದ ಮಾಡಿನವರೆಗೆ ಹಬ್ಬಿತು. ಹೂವೇನೋ ಬುಟ್ಟಿ ಬುಟ್ಟಿ. ಮಿಡಿಗಳೆಲ್ಲ ಉದುರಿ ಕಡೆಗೆ ಉಳಿದದ್ದು ಒಂದೇ ಕಾಯಿ. ಮಕ್ಕಳು ಅದರ ಕೆಳಗೆ ಒಣಹುಲ್ಲು ಹಾಸಿದರು. ಬೆಳಗ್ಗೆ ಬಂದವರು ಅದನ್ನು ನೋಡಿದ ಮೇಲೆಯೇ ಬ್ಯಾಗು ಇಳಿಸುತ್ತಿದ್ದರು. ಅದು ಬೆಳೆದು, ಕೆಂಪಾಗಿ, ಇಬ್ಬರು ಹಿಡಿದರೆ ಮಾತ್ರ ಏಳುವಷ್ಟಾಯಿತು.

ಕೊಯ್ಯುವ ದಿನ ನಾನು ಅಲ್ಲಿದ್ದೆ. ಇಡೀ ಕುಂಬಳವನ್ನು ಹೆಂಗಸರು ಒಡೆಯಬಾರದೆಂದು ನಮ್ಮ ಕಡೆಯ ನಂಬಿಕೆ. ಹಾಗಾಗಿ ತಮ್ಮನಿಗೆ ಕರೆ ಬಂದಿತ್ತು. ಕತ್ತಿ ಎತ್ತಿದೆ. ಐದನೆಯ ತರಗತಿಯ ಧನುಷ್ ಓಡಿಬಂದು ಕಾಯಿಯನ್ನು ತಬ್ಬಿಕೊಂಡ.

"ಕೊಯ್ಯಬೇಡಿ ಮಾಮ. ಇದು ದೈವಕ್ಕೆ. ಉದುರದಿದ್ದರೆ ಕೊಡ್ತೇನೆಂದು ನಾನು ಹೇಳಿಕೊಂಡಿದ್ದೇನೆ."

"ಇಗರ್ಜಿಗೆ ಅಲ್ವಾ? ನಾನು ಮೊದಲೇ ಹೇಳಿದ್ದು," ಎಂದ ರೋಶನ್. ಇಗರ್ಜಿ ಎಂದರೆ ಅವರ ಚರ್ಚು.

"ಇದು ನಮ್ಮ ಮಸೀದಿಗೆ ಉಂಟು. ಶುಕ್ರವಾರ ಏಲಂ ಮಾಡಲಿಕ್ಕೆ," ಎಂದಳು ಆಯಿಷಾ. ಹರಕೆಯ ಕಾಯಿಯನ್ನು ಅಲ್ಲಿ ಹರಾಜು ಹಾಕುತ್ತಾರೆ.

ವಿಚಾರಣೆಯಾಯಿತು. ಅಕ್ಕ ದಿನಾ ಬೆಳಗ್ಗೆ ತೋಟದಲ್ಲಿ ನಿಂತು ಗುಣುಗುಣು ಹರಕೆ ಹೇಳುವುದನ್ನು ಮಕ್ಕಳು ನೋಡುತ್ತಿದ್ದರಲ್ಲ? ಒಬ್ಬರಿಗೊಬ್ಬರು ಹೇಳದೆ ಅವರೂ ಹೇಳಿಕೊಂಡಿದ್ದರು. ಒಂದು ಚೀನಿಕಾಯಿ, ಹನ್ನೊಂದು ಹರಕೆ! ಗುರುವಿಗೆ ತಕ್ಕ ಶಿಷ್ಯರು. ನನಗೆ ನಗು ತಡೆಯಲಾಗಲಿಲ್ಲ, ಆದರೆ ಮಕ್ಕಳಲ್ಲಿ ನಾಲ್ವರು ಆಗಲೇ ಅಳುತ್ತಿದ್ದರು.

ಹನ್ನೊಂದನೆಯವಳು ಮೂರನೆಯ ತರಗತಿಯ ರೇಣುಕಾ. ಬಾದಾಮಿ ಕಡೆಯವಳು. ಅಪ್ಪ ಅಮ್ಮ ಹೆದ್ದಾರಿ ಬದಿಯ ಫ್ಲ್ಯಾಟಿನ ಕೆಲಸಕ್ಕೆ ಬಂದವರು, ವಾಸ ಅಲ್ಲೇ ತಗಡಿನ ಶೆಡ್ಡಿನಲ್ಲಿ. ಅವಳು ಮೂಲೆಯಲ್ಲಿ ನಿಂತೇ ಹೇಳಿದಳು. "ನಮ್ಮ ದೇವ್ರು ಇಲ್ಲಿಲ್ರಿ ಟೀಚರ್. ಬನಶಂಕರಿಗೆ ಬೇಡ್ಕೊಂಡೇನಿ. ಈ ಸಾಲಿ ಬಿಡಿಸಬ್ಯಾಡ, ಬಿಡಿಸಲಿಲ್ಲಂದ್ರ ಈ ಕಾಯಿ ನಿನಗ ಅಂತ."

ಅದು ಅವಳಿಗೆ ನಾಲ್ಕನೆಯ ಶಾಲೆ. ಪ್ರತಿ ಕಟ್ಟಡ ಮುಗಿದಾಗಲೂ ಶಾಲೆ ಬದಲು. ಈ ಫ್ಲ್ಯಾಟಿಗೆ ಆಗಲೇ ಬಣ್ಣ ಬಳಿಯುತ್ತಿದ್ದರು. ಅಕ್ಕ ಸೆರಗಿನಿಂದ ಕನ್ನಡಕ ಒರೆಸಿಕೊಂಡಳು.

ಆಮೇಲೆ ಸಭೆ. ಕಾಯಿಯನ್ನು ಹನ್ನೊಂದು ಭಾಗ ಮಾಡೋಣ, ಭಿನ್ನರಾಶಿಯ ಲೆಕ್ಕವೂ ಆಗುತ್ತದೆ ಎಂದು ನಾನೊಂದು ಸಲಹೆ ಕೊಟ್ಟೆ. "ತುಂಡು ಮಾಡಿದ್ದನ್ನು ಕೊಡ್ಲಿಕ್ಕೆ ಆಗುವುದಿಲ್ಲ ಮಾಮ. ಇಡೀ ಕಾಯಿ ಬೇಕು," ಎಂದು ಧನುಷ್ ನನ್ನನ್ನು ಕೂರಿಸಿದ. ಅರ್ಧ ಗಂಟೆ ಯಾರಿಗೂ ದಾರಿ ಕಾಣಲಿಲ್ಲ. ಕೊನೆಗೆ ಆಯಿಷಾ ಕೈ ಎತ್ತಿದಳು.

"ಒಳಗೆ ಬೀಜ ಉಂಟಲ್ವಾ ಟೀಚರ್? ಎಲ್ಲರೂ ಒಂದೊಂದು ಬಳ್ಳಿ ಮಾಡುವ. ಅದರಲ್ಲಿ ಮೊದಲು ಆದದ್ದನ್ನು ಇಡೀ ಕೊಡುವ."

ನನ್ನ ಅಕ್ಕ ಆ ಹುಡುಗಿಯನ್ನು ಎತ್ತಿಕೊಂಡು ಒಂದು ಸುತ್ತು ತಿರುಗಿದಳು. ಹನ್ನೊಂದು ಮಂದಿಯನ್ನು ಸಾಲಾಗಿ ನಿಲ್ಲಿಸಿ, ಅವರವರ ದೇವರಿಗೆ "ಸ್ವಲ್ಪ ತಡ ಆಗ್ತದೆ, ಬೇಜಾರು ಮಾಡಬೇಡಿ" ಎಂದು ಹೇಳಿಸಿದಳು. ನನ್ನ ಬೈಕು ಸಿಗದ ದಿನಗಳಿಂದಾಗಿ ಈ ವಾಕ್ಯ ಅವಳಿಗೆ ಚೆನ್ನಾಗಿ ರೂಢಿಯುಂಟು. ನಾನು ಕಾಯಿ ಒಡೆದೆ. ಅಂದಿನ ಸಾಂಬಾರಿಗೆ ಹತ್ತೊಂಬತ್ತು ಮಕ್ಕಳೂ ತಟ್ಟೆ ನೆಕ್ಕಿದರು. ತೊಳೆದ ಬೀಜ ಮೆಟ್ಟಿಲ ಮೇಲೆ ಒಣಗಿತು.

ಬೀಜ ಹಂಚುವಾಗ ರೇಣುಕಾ ಕೈ ಚಾಚಲಿಲ್ಲ. ಶೆಡ್ಡಿನ ಸುತ್ತ ಕಾಂಕ್ರೀಟು, ಬಿತ್ತುವುದು ಎಲ್ಲಿ? "ನಮ್ಮಲ್ಲಿ ಹಾಕು ಮಾರಾಯ್ತಿ. ಮಲ್ಲಿಗೆ ತೋಟದ ಬದಿಯಲ್ಲಿ ಜಾಗ ಉಂಟು," ಎಂದ ರೋಶನ್. ಅವನ ಅಜ್ಜಿಗೆ ಶಂಕರಪುರದಲ್ಲಿ ಮಲ್ಲಿಗೆ ಕೃಷಿ. ಅಜ್ಜಿ ಒಪ್ಪಿದರು. ದಿನಾ ಬೆಳಗ್ಗೆ ರೇಣುಕಾ ತಾಯಿಯ ಜೊತೆ ಹೋಗಿ ನೀರು ಹಾಕತೊಡಗಿದಳು.

ಫೆಬ್ರವರಿಯಲ್ಲಿ ಅವಳ ಅಪ್ಪ ಶಾಲೆಗೆ ಬಂದ. "ಇಲ್ಲಿ ಕೆಲಸ ಮುಗೀತ್ರಿ. ಪರೀಕ್ಷೆ ಮುಗಿದ ಮ್ಯಾಲೆ ನಿಟ್ಟೆ ಕಡೆ ಹಾಸ್ಟೆಲ್ ಕಟ್ಟಾಕ ಹೋಗಬೇಕು. ಟಿ.ಸಿ. ಬರೆದಿಡ್ರಿ." ಅಕ್ಕ ಸೀಲು ಕಳೆದುಹೋಗಿದೆ ಎಂದಳು. ಮುಂದಿನ ವಾರ ಬಂದಾಗಲೂ ಸೀಲು ಸಿಕ್ಕಿರಲಿಲ್ಲ. ವಿಚಿತ್ರ ನೋಡಿ, ಈ ಸಲ ಮಾತ್ರ ಅವಳು ಕೊರಗಜ್ಜನಿಗೆ ಹೇಳಿಕೊಳ್ಳಲೇ ಇಲ್ಲ!

ಅಷ್ಟರಲ್ಲಿ ಶಂಕರಪುರದಲ್ಲಿ ಬೇರೆಯೇ ಒಂದು ಸಂಗತಿ ನಡೆದಿತ್ತು. ಮಗಳು ನೀರು ಹಾಕುವಷ್ಟು ಹೊತ್ತು ಸುಮ್ಮನೆ ನಿಲ್ಲಲಾಗದೆ ತಾಯಿ ಮಲ್ಲಿಗೆ ಮೊಗ್ಗು ಕೊಯ್ದುಕೊಡುತ್ತಿದ್ದಳು. ಬಾಳೆನಾರಿನಲ್ಲಿ ಕಟ್ಟುವುದನ್ನೂ ನೋಡಿ ಕಲಿತಳು. ಅಜ್ಜಿಗೆ ಅವಳ ಕೈ ಹಿಡಿಸಿತು. "ಇವಳನ್ನು ನಾನು ಬಿಡುವುದಿಲ್ಲ ಟೀಚರ್. ತೋಟದ ಹಿಂದಿನ ಕೋಣೆ ಖಾಲಿ ಉಂಟು. ತಾಯಿ ಮಗಳು ಇಲ್ಲೇ ಇರಲಿ, ಗಂಡ ನಿಟ್ಟೆಯಿಂದ ವಾರಕ್ಕೊಮ್ಮೆ ಬರಲಿ," ಎಂದರು. ಅಪ್ಪ ಎರಡು ದಿನ ಯೋಚಿಸಿದ. ಮೂರನೆಯ ದಿನ ಶಾಲೆಗೆ ಬಂದು, "ಟಿ.ಸಿ. ಬ್ಯಾಡ್ರಿ," ಎಂದ. ಅದೇ ಗಳಿಗೆಯಲ್ಲಿ ಅಕ್ಕನ ಮೇಜಿನ ಮೇಲೆ ಸೀಲು ಪ್ರತ್ಯಕ್ಷವಾಯಿತು.

ಏಪ್ರಿಲ್, ಮೇ ತಿಂಗಳಲ್ಲಿ ನಮ್ಮ ಊರಿಗೆ ಚೀನಿಕಾಯಿಯ ಸುಗ್ಗಿ! ದೈವದ ಗುಡಿಯಲ್ಲಿ ಚೀನಿಕಾಯಿ, ಇಗರ್ಜಿಯಲ್ಲಿ ಚೀನಿಕಾಯಿ, ಮಸೀದಿಯ ಏಲಮಿನಲ್ಲಿ ಆಯಿಷಾಳ ಚೀನಿಕಾಯಿಗೆ ಭಾರೀ ಪೈಪೋಟಿ. ಕಡಿಯಾಳಿಯಲ್ಲಿ ಒಂದೇ ಬೆಳಿಗ್ಗೆ ಮೂರು ಚೀನಿಕಾಯಿ ಇಟ್ಟು ಸಾಲಾಗಿ ಕೈಮುಗಿದ ಮಕ್ಕಳನ್ನು ಕಂಡು ಭಟ್ಟರು ಬೆರಗಾದರು. ಮಕ್ಕಳು ಎದೆ ಸೆಟೆಸಿಕೊಂಡು ಹೊರಬಂದರು. ಅವರ ಹಿಂದೆ, ಬೈಕು ಸಾಲದೆ ಆಟೋ ಗೊತ್ತುಮಾಡಿಕೊಂಡ ನಾನು.

ಉಳಿದದ್ದು ಬಾದಾಮಿಯ ಬನಶಂಕರಿ. ಅಕ್ಕ ನನ್ನನ್ನೂ ಹೊರಡಿಸಿದಳು. ರೇಣುಕಾ, ಅವಳ ತಾಯಿ, ಅಕ್ಕ, ನಾನು ಮತ್ತು ಚೀನಿಕಾಯಿ ಬಸ್ಸು ಹತ್ತಿದೆವು. ದಾರಿಯುದ್ದಕ್ಕೂ ಆ ಹುಡುಗಿ ಕಾಯಿಯನ್ನು ತೊಡೆಯಿಂದ ಇಳಿಸಲಿಲ್ಲ. ಗುಡಿಯಲ್ಲಿ ಅದನ್ನು ತಾನೇ ಎತ್ತಿ ಪೂಜಾರಿಯ ಮುಂದಿಟ್ಟು, ಕೈಮುಗಿದು, ಹಗುರಾಗಿ ನಗುತ್ತ ಹೊರಬಂದಳು. ಅಕ್ಕ ಮಾತ್ರ ಅಲ್ಲಿಂದ ಕದಲಲಿಲ್ಲ. ಕಣ್ಣಿಂದ ನೀರು ಸುರಿಯುತ್ತಿತ್ತು.

"ನಿನಗೆಂತ ಆಯಿತು?" ಎಂದೆ.

"ನನ್ನದೂ ಒಂದು ಉಂಟು ಇಲ್ಲಿ. ಅವಳು ಮೂಲೆಯಲ್ಲಿ ನಿಂತು ಹೇಳಿದಳಲ್ಲ, ಆ ದಿನವೇ ನಾನೂ ಹೇಳಿಕೊಂಡೆ. ನಮ್ಮ ಕಡೆಯ ದೇವರಿಗೆ ಅವಳ ಪರಿಚಯ ಸಾಲದು ಅಂತ ಈ ದೇವಿಗೇ ಹೇಳಿದೆ, ಮಗುವನ್ನು ನನ್ನ ಹತ್ತಿರ ಬಿಡು ಅಂತ."

"ಎಂತ ಕೊಡ್ತೇನೆಂದು ಹೇಳಿದ್ದಿ?" ನನ್ನ ಕೈ ತಾನಾಗಿ ತಲೆಗೂದಲಿಗೆ ಹೋಗಿತ್ತು.

"ಎಂತದೂ ಹೇಳಲಿಲ್ಲ ಮಾರಾಯ. ಕೇಳುವ ಗಡಿಬಿಡಿಯಲ್ಲಿ ಕೊಡುವುದನ್ನು ಹೇಳಲಿಕ್ಕೇ ಮರೆತುಹೋಯಿತು."

ಬಸ್ಸಿನ ಸೀಟಿಗೂ ತೆಂಗಿನಕಾಯಿ ಕೊಟ್ಟವಳು ನನ್ನ ಅಕ್ಕ.

ಹೊರಗಿನಿಂದ ರೇಣುಕಾ ಓಡಿಬಂದು ಅವಳ ಸೆರಗು ಹಿಡಿದು ಜಗ್ಗಿದಳು. "ಟೀಚರ್, ಲಗೂ ನಡೀರಿ. ನಮ್ಮೂರಿಗೆ ಹೋಗೂಣು."

ಅವಳ ಊರು ಇಲ್ಲೇ ಹತ್ತಿರದಲ್ಲಿರಬೇಕು, ಅಜ್ಜ ಅಜ್ಜಿಯನ್ನು ನೋಡುವ ಆತುರವಿರಬೇಕು ಎಂದುಕೊಂಡು, "ಯಾವ ಕಡೆ ಮಗಾ ನಿಮ್ಮ ಊರು?" ಎಂದು ನಾನು ಕೇಳಿದೆ.

ಅವಳು ನನ್ನನ್ನು ವಿಚಿತ್ರವಾಗಿ ನೋಡಿದಳು. "ಶಂಕರಪುರ ಅಲ್ವಾ ಮಾಮ?" ಎಂದಳು.