ಹನ್ನೊಂದು ಮಂದಿ ಮಾದರಿ ಮಕ್ಕಳು

ಪಾಠ ಮಾಡಲು ಬಲ್ಲವರು ಶಾಲೆ ನಡೆಸಲು ಅನರ್ಹರು ಎಂಬುದು ಶಿಕ್ಷಣ ಇಲಾಖೆಯು ದೀರ್ಘ ಅನುಭವದಿಂದ ಕಂಡುಕೊಂಡ ಸತ್ಯ. ಈ ಅನರ್ಹತೆಯನ್ನು ಹೋಗಲಾಡಿಸುವ ಸಲುವಾಗಿಯೇ ಶಾಲಾ ಆಡಳಿತದಲ್ಲಿ ಎರಡು ವರ್ಷದ ಸ್ನಾತಕೋತ್ತರ ಪದವಿಯನ್ನು ಏರ್ಪಡಿಸಲಾಗಿದೆ. ಮೂರನೇ ತರಗತಿಯ ಮೇಷ್ಟ್ರು ಇಪ್ಪತ್ತೊಂದು ವರ್ಷ ಒಂದೇ ಸಮನೆ ಪಾಠ ಮಾಡಿ ತಮ್ಮ ಅನರ್ಹತೆಯನ್ನು ಸಾಕಷ್ಟು ಗಟ್ಟಿ ಮಾಡಿಕೊಂಡಿದ್ದರು. ಹಾಗಾಗಿ ಅವರಿಗೆ ಪ್ರವೇಶ ಸುಲಭವಾಗಿ ಸಿಕ್ಕಿತು.

ಹೆಡ್ಮಾಸ್ಟರ ಕುರ್ಚಿಯ ಮೇಲೆ ಮೇಷ್ಟ್ರಿಗೆ ಆಸೆ ಇರಲಿಲ್ಲವೆಂದರೆ ಸುಳ್ಳಾದೀತು. ಆದರೆ ಆ ಆಸೆಗೊಂದು ಕಾರಣವಿತ್ತು. ವೇಳಾಪಟ್ಟಿಯಲ್ಲಿದ್ದ ಓದುವ ಪೀರಿಯಡ್ಡನ್ನು ತೆಗೆದುಹಾಕಿ, ಆ ಹೊತ್ತಿನಲ್ಲಿ ಮಕ್ಕಳ ಓದಿನ ಪ್ರಗತಿಯ ಬಗ್ಗೆ ನಮೂನೆ ತುಂಬಬೇಕೆಂದು ಆದೇಶವಾಗಿತ್ತು. ಮೇಷ್ಟ್ರ ತರಗತಿಯ ಮೂವತ್ತನಾಲ್ಕು ಮಕ್ಕಳಲ್ಲಿ ಹನ್ನೊಂದು ಮಂದಿಗೆ ಅಕ್ಷರ ಕೂಡಿಸಿ ಓದಲು ಬರುತ್ತಿರಲಿಲ್ಲ. ಆ ಸಂಗತಿಯನ್ನು ಪ್ರತಿದಿನ ಅಚ್ಚುಕಟ್ಟಾಗಿ ತುಂಬಿ ತುಂಬಿ ಮೇಷ್ಟ್ರಿಗೆ ಹೊಟ್ಟೆ ಉರಿದುಹೋಗಿತ್ತು.

"ಹೆಡ್ಮಾಸ್ಟರ್ ಆದ ದಿನವೇ ಆ ಪೀರಿಯಡ್ ವಾಪಸ್ ತರ್ತೀನಿ ನೋಡ್ತಿರು," ಎಂದು ಹೆಂಡತಿಯ ಮುಂದೆ ಶಪಥ ಮಾಡಿದರು.

"ಅಷ್ಟು ಹೊತ್ತಿಗೆ ಆ ಮಕ್ಕಳಿಗೆ ಗಡ್ಡ ಮೀಸೆ ಬಂದಿರತ್ತೆ ಕಣ್ರೀ," ಎಂದು ಆಕೆ ಬಟ್ಟೆ ಮಡಿಸುವುದನ್ನು ಮುಂದುವರಿಸಿದರು.

ಮೊದಲ ವರ್ಷ ಆಡಳಿತದ ತರಬೇತಿ. 'ಪರಿಶೀಲಿಸಲಾಗುವುದು' ಎಂಬುದಕ್ಕೂ 'ಗಮನಿಸಲಾಗಿದೆ' ಎಂಬುದಕ್ಕೂ ಇರುವ ವ್ಯತ್ಯಾಸದ ಮೇಲೆ ಆರು ವಾರ ಉಪನ್ಯಾಸ ನಡೆಯಿತು. ಮೊದಲನೆಯದರಲ್ಲಿ ಕೆಲಸ ಆಗುವುದಿಲ್ಲ, ಎರಡನೆಯದರಲ್ಲಿ ಆಗದಿರುವ ಕೆಲಸ ಮುಗಿದಿದೆ ಎಂದು ಮೇಷ್ಟ್ರು ಟಿಪ್ಪಣಿ ಮಾಡಿಕೊಂಡರು. 'ಮುಂದೂಡಿಕೆಯ ತತ್ವಗಳು' ಎಂಬ ಪತ್ರಿಕೆಯಲ್ಲಿ ಮಾತ್ರ ಅವರಿಗೆ ಕಡಿಮೆ ಅಂಕ ಬಂತು. ಅದರ ಪ್ರಬಂಧವನ್ನು ಅವರು ಹೇಳಿದ ದಿನಕ್ಕೇ ಒಪ್ಪಿಸಿಬಿಟ್ಟಿದ್ದರು.

ಎರಡನೇ ವರ್ಷ ತರಗತಿ ಸಂಶೋಧನೆ. ದಿನಕ್ಕೆ ಅರ್ಧ ಗಂಟೆ ಮಕ್ಕಳ ಜೊತೆ ಕೂತು ಗಟ್ಟಿಯಾಗಿ ಓದಿದರೆ ಅವರಿಗೂ ಓದು ಬರುತ್ತದೆಯೇ ಎಂಬುದು ಮೇಷ್ಟ್ರ ವಿಷಯ. ಆ ವರ್ಷ ಹೊಸದಾಗಿ ಬಂದ ಮೂವತ್ತನಾಲ್ಕು ಮಕ್ಕಳಲ್ಲೂ ಓದಲು ಬಾರದವರು ಹನ್ನೊಂದೇ ಮಂದಿ. ಸಂಶೋಧನೆಯ ನೆಪದಲ್ಲಾದರೂ ಅವರಿಗೆ ಓದಿಸಬಹುದಲ್ಲ ಎಂಬುದು ಒಳಗಿನ ಲೆಕ್ಕಾಚಾರ. ಅನುಮತಿಯ ಅರ್ಜಿಯಲ್ಲಿ ಏಳನೇ ಕಾಲಂ 'ಮಾದರಿ' ಎಂದಿತ್ತು. ಸಂಶೋಧನೆಗೆ ಯಾರನ್ನು ಆರಿಸಿಕೊಂಡಿದ್ದೀರಿ ಎಂದು ಅದರರ್ಥ. ಮೇಷ್ಟ್ರು ದುಂಡಗಿನ ಅಕ್ಷರದಲ್ಲಿ ಬರೆದರು: 'ಓದಲು ಬಾರದ ಹನ್ನೊಂದು ಮಕ್ಕಳನ್ನು ಮಾದರಿಯಾಗಿ ಆಯ್ದುಕೊಳ್ಳಲಾಗಿದೆ.'

ಎತ್ತು ಈಯಿತು ಅಂದರೆ ಕೊಟ್ಟಿಗೆಗೆ ಕಟ್ಟು ಅನ್ನುವ ಜನ ಹಿಂದೆಯೂ ಇದ್ದರು, ಈಗ ಅವರಿಗೆ ಸಂಬಳ ಬರುತ್ತದೆ, ಅಷ್ಟೇ. ಅರ್ಜಿಯು ಇಲಾಖೆಯ ನಾಲ್ಕು ಮೇಜುಗಳನ್ನು ದಾಟಿ, ಐದನೆಯದರಿಂದ ಸುತ್ತೋಲೆಯಾಗಿ ಹೊರಬಂತು:

'ಮೂರನೇ ತರಗತಿಯ ಹನ್ನೊಂದು ಮಕ್ಕಳು ಮಾದರಿ ಎಂದು ಆಯ್ಕೆಯಾಗಿರುವುದು ಸಂತಸದ ವಿಷಯ. ಸದರಿ ಮಕ್ಕಳಿಗೆ ಓದಲು ಬರುವುದಿಲ್ಲ ಎಂದು ತಿಳಿದುಬಂದಿದೆ. ಉಳಿದ ಇಪ್ಪತ್ಮೂರು ಮಕ್ಕಳು ವರ್ಷಾಂತ್ಯದೊಳಗೆ ಸದರಿ ಮಟ್ಟವನ್ನು ತಲುಪತಕ್ಕದ್ದು. ಮಾದರಿಯನ್ನು ಮಂಜೂರಾದ ಸ್ಥಿತಿಯಲ್ಲಿಯೇ ಕಾಪಾಡುವುದು ಸಂಬಂಧಪಟ್ಟ ಶಿಕ್ಷಕರ ಜವಾಬ್ದಾರಿ.'

ಜೊತೆಗೆ ಹನ್ನೊಂದು ಹಳದಿ ಬಿಲ್ಲೆಗಳು, ಪಿನ್ನು ಸಮೇತ.

ಮೇಷ್ಟ್ರು ಎದ್ದೆನೋ ಬಿದ್ದೆನೋ ಎಂದು ಇಲಾಖೆಗೆ ಓಡಿದರು. ಸೂಪರಿಂಟೆಂಡೆಂಟರು ಕನ್ನಡಕವನ್ನು ಹಣೆಗೇರಿಸಿಕೊಂಡು ಪೂರ್ತಿ ಕೇಳಿಸಿಕೊಂಡರು.

"ಸಾರ್, ಇಲ್ಲಿ ಮಾದರಿ ಅಂದ್ರೆ ಆದರ್ಶ ಅಂತಲ್ಲ. ಅನ್ನ ಬೆಂದಿದೆಯಾ ಅಂತ ಒಂದು ಅಗುಳು ಹಿಚುಕಿ ನೋಡ್ತೀವಲ್ಲ, ಆ ಅಗುಳು."

"ಹಾಗಿದ್ರೆ ಅಗುಳು ಅಂತ ಬರೀಬೇಕಿತ್ತು."

"ಕಾಲಂನಲ್ಲೇ ಮಾದರಿ ಅಂತಿತ್ತು ಸಾರ್."

"ನಮ್ಮ ನಮೂನೆ ತಪ್ಪು ಅಂತೀರಾ?"

"ಅಯ್ಯೋ, ಛೆ, ಹಾಗಲ್ಲ. ತಿದ್ದುಪಡಿ ಅಂತ…"

"ಮಾಡೋಣ, ಅದಕ್ಕೇನಂತೆ. ಅನುಮತಿ ರದ್ದಾಗತ್ತೆ. ಅನುಮತಿ ರದ್ದಾದ್ರೆ ಪದವಿಯ ನೋಂದಣಿ ರದ್ದಾಗತ್ತೆ. ಆಮೇಲೆ ಹೊಸದಾಗಿ ಅರ್ಜಿ. ನಿಮ್ಮ ನಿವೃತ್ತಿ ಯಾವಾಗ?"

"ಇನ್ನು ಎಂಟು ವರ್ಷ ಇದೆ."

ಸೂಪರಿಂಟೆಂಡೆಂಟರು ಬೆರಳು ಮಡಿಸಿ ಎಣಿಸಿದರು. "ಒಂಬತ್ತು ವರ್ಷ ಹಿಡಿಯತ್ತೆ. ಪಾಪ, ಸ್ವಲ್ಪದರಲ್ಲಿ ತಪ್ಪಿಹೋಗತ್ತಲ್ಲ ಮೇಷ್ಟ್ರೇ!"

ಮೇಷ್ಟ್ರು ಬಸ್ಸಿನಲ್ಲಿ ಕೂತು ಯೋಚಿಸಿದರು. ಸುತ್ತೋಲೆ ತನ್ನ ಪಾಡಿಗೆ ಇರಲಿ, ಬಾಗಿಲು ಹಾಕಿಕೊಂಡು ನಾನು ಓದಿಸುತ್ತೇನೆ. ಹಾಗೇ ಮಾಡಿದರು. ಮಕ್ಕಳು ಬಿಲ್ಲೆ ಚುಚ್ಚಿಕೊಂಡು ವೃತ್ತಾಕಾರವಾಗಿ ಕೂತರು, ಮೇಷ್ಟ್ರು ಗಟ್ಟಿಯಾಗಿ ಓದಿದರು. ಮೂರೇ ತಿಂಗಳಲ್ಲಿ ಅನಾಹುತ ಶುರುವಾಯಿತು. ಎಲ್ಲರೂ ಪಟಾಕಿ ಎಂದು ಕರೆಯುತ್ತಿದ್ದ ಹುಡುಗಿ, ಒಂದು ಅಕ್ಷರ ಹೇಳಲು ಹತ್ತು ನಿಮಿಷ ತಡವರಿಸುತ್ತಿದ್ದವಳು, ಬೆಂಕಿಪೊಟ್ಟಣದಿಂದ ಹಿಡಿದು ಔಷಧಿ ಬಾಟಲಿಯವರೆಗೆ ಕಣ್ಣಿಗೆ ಬಿದ್ದದ್ದನ್ನೆಲ್ಲ ಓದತೊಡಗಿದಳು. ಒಂದು ಮಧ್ಯಾಹ್ನ ಮೇಷ್ಟ್ರ ಜೇಬಿನಿಂದ ಇಣುಕುತ್ತಿದ್ದ ಚೀಟಿಯನ್ನು ನೋಡಿ, "ಸಾರ್, ಸೋಪು ತರೋದು ಮರೀಬೇಡಿ ಅಂತ ಬರ್ದಿದಾರೆ," ಎಂದಳು. ಮೇಷ್ಟ್ರಿಗೆ ಕಣ್ಣು ತುಂಬಿ ಬಂತು. ಪಾಠ ಮಾಡಿದ ಇಷ್ಟು ವರ್ಷಗಳಲ್ಲಿ ಅಷ್ಟು ಸಂತೋಷ ಅವರಿಗೆ ಯಾವತ್ತೂ ಆಗಿರಲಿಲ್ಲ.

ಆ ಸಂತೋಷವನ್ನು ಹೊಟ್ಟೆಯಲ್ಲಿ ಇಟ್ಟುಕೊಳ್ಳಲಾರದೆ ತಿಂಗಳ ವರದಿಯಲ್ಲಿ ಬರೆದುಬಿಟ್ಟರು. ಸಂಶೋಧನೆಯ ಮಾರ್ಗದರ್ಶಕಿ ಮೇಡಂ ತಕ್ಷಣ ಕರೆಸಿದರು. ಮಕ್ಕಳ ಕಲಿಕೆಯ ಮೇಲೆ ನಾಲ್ಕು ಗ್ರಂಥ ಬರೆದಿದ್ದ ಅವರು ಮಕ್ಕಳ ಗಲಾಟೆಯಿಂದ ತಲೆನೋವು ಬರುವ ಕಾರಣ ಶಾಲೆಗಳಿಗೆ ಹೋಗುತ್ತಿರಲಿಲ್ಲ.

"ಏನ್ರೀ ಇದು? ಮಂಜೂರಾದದ್ದು ಓದಲು ಬಾರದ ಹನ್ನೊಂದು ಮಕ್ಕಳು. ಇವರು ಯಾರು, ಓದ್ತಾ ಇರೋರು? ಹೊರಗಿನವರಾ?"

"ಅವರೇ ಮೇಡಂ. ಓದೋದು ಕಲಿತುಬಿಟ್ರು."

"ಹಾಗಂದ್ರೆ ಮಾದರಿ ಕೆಟ್ಟುಹೋಯ್ತು ಅಂತ ಆಯ್ತು." ಮೇಡಂ ದನಿ ತಗ್ಗಿಸಿದರು. "ಮುಂದಿನ ವಾರ ನಿರ್ದೇಶಕರು ಖುದ್ದಾಗಿ ನೋಡೋಕೆ ಬರ್ತಾರೆ. ಇನ್ನೊಂದು ಹೆಜ್ಜೆ ಇಟ್ರೆ ಹೆಡ್ಮಾಸ್ಟರ್ ನೀವು. ಯೋಚನೆ ಮಾಡಿ."

ಮನೆಗೆ ಬಂದು ಮೇಷ್ಟ್ರು ಹೆಂಡತಿಗೆ ಎಲ್ಲ ಹೇಳಿದರು. "ಇದೊಂದು ದಿನ ಸುಮ್ಮನಿದ್ದುಬಿಟ್ರೆ, ಆಮೇಲೆ ಇಡೀ ಶಾಲೆಗೇ ಓದುವ ಪೀರಿಯಡ್ ಕೊಡಬಹುದು ಕಣೇ. ಮುನ್ನೂರು ಮಕ್ಕಳು!"

"ಕೊಡಲಿ ಕಾವು ಕುಲಕ್ಕೆ ಮೃತ್ಯು ಅಂತಾರೆ," ಎಂದರು ಆಕೆ. "ಹೋಗಿ, ನಿಮ್ಮಿಷ್ಟ. ಸೋಪು ತಂದ್ರಾ?"

ನಿರ್ದೇಶಕರು ಬರುವ ಮುನ್ನಾದಿನ ಮೇಷ್ಟ್ರು ಪಟಾಕಿಯನ್ನು ಕಿಟಕಿಯ ಹತ್ತಿರ ಕರೆದರು. ಲಿಖಿತದಲ್ಲಿ ಹೇಳಲಾಗದ್ದನ್ನು ಮೌಖಿಕವಾಗಿ ಹೇಗೆ ಹೇಳಬೇಕು, ಮೌಖಿಕದಲ್ಲೂ ಹೇಳಲಾಗದ್ದನ್ನು ಕೆಮ್ಮಿ ಹೇಗೆ ತಿಳಿಸಬೇಕು ಎಂದು ತರಬೇತಿಯಲ್ಲಿ ಹೇಳಿಕೊಟ್ಟಿದ್ದರು. ಮೇಷ್ಟ್ರು ಎರಡು ಸಲ ಕೆಮ್ಮಿದರು.

"ನಾಳೆ ದೊಡ್ಡ ಸಾಹೇಬ್ರು ಬಂದು ಓದು ಅಂದ್ರೆ…"

"ಓದ್ತೀನಿ ಸಾರ್!"

ಮೇಷ್ಟ್ರು ಮತ್ತೆ ಕೆಮ್ಮಿದರು. ಹುಡುಗಿ ಅವರ ಮುಖವನ್ನೇ ನೋಡಿದಳು. ಓದು ಬಂದವಳಲ್ಲವೇ, ಅದನ್ನೂ ಓದಿಕೊಂಡಳು.

"ಬರಲ್ಲ ಅನ್ಬೇಕಾ ಸಾರ್?"

ಮೇಷ್ಟ್ರು ಕಿಟಕಿಯ ಸರಳು ಹಿಡಿದು ನಿಂತಿದ್ದರು.

"ಅದು ಸುಳ್ಳಲ್ವಾ ಸಾರ್?"

"ಸುಳ್ಳಲ್ಲ ಮಗಾ. ದತ್ತಾಂಶ."

ನಿರ್ದೇಶಕರು ಮೂರು ಕಾರುಗಳಲ್ಲಿ ಬಂದರು. ಎರಡರಲ್ಲಿ ಅವರ ಫೈಲುಗಳಿದ್ದವು. ಬಾಗಿಲ ಹತ್ತಿರ ಪೋಷಕರು ಕಿಕ್ಕಿರಿದು ನಿಂತಿದ್ದರು. ನಿರ್ದೇಶಕರು ಒಂದು ಕಾರ್ಡನ್ನು ಪಟಾಕಿಯ ಕೈಗೆ ಕೊಟ್ಟು, "ಓದಮ್ಮ," ಎಂದರು. ಹುಡುಗಿಯ ಕಣ್ಣು ಸಾಲಿನಿಂದ ಸಾಲಿಗೆ ಇಳಿಯುವುದನ್ನು, ಕೊನೆಯ ಸಾಲಿನಲ್ಲಿ ತುಟಿ ಸಣ್ಣಗೆ ಅಲುಗುವುದನ್ನು ಮೇಷ್ಟ್ರು ಕಂಡರು. ಪೂರ್ತಿ ಓದಿ ಮುಗಿಸಿ ಅವಳು ತಲೆಯೆತ್ತಿದಳು.

"ಬರಲ್ಲ ಸಾರ್."

"ಭೇಷ್! ಎಷ್ಟು ಸ್ಪಷ್ಟವಾದ ಉಚ್ಚಾರಣೆ!" ಎಂದು ನಿರ್ದೇಶಕರು ಉದ್ಗರಿಸಿದರು. ಉಳಿದ ಹತ್ತು ಮಂದಿಯೂ ಒಬ್ಬರ ಹಿಂದೆ ಒಬ್ಬರು ಬರಲ್ಲ ಬರಲ್ಲ ಎಂದರು. ಚಪ್ಪಾಳೆ ಬಿತ್ತು. ಒಬ್ಬ ತಂದೆ ನುಗ್ಗಿ ಬಂದು, "ಸಾರ್, ನಮ್ಮ ಹುಡುಗನಿಗೆ ಸುಮಾರಾಗಿ ಓದೋಕೆ ಬರತ್ತೆ, ಒಪ್ಕೋತೀನಿ. ಆದ್ರೆ ಮನೇಲಿ ಬಯ್ದು ಬಿಡಿಸ್ತಾ ಇದೀವಿ. ಅವನಿಗೂ ಒಂದು ಬಿಲ್ಲೆ…" ಎಂದು ಕೈಮುಗಿದ. ಪರಿಶೀಲಿಸಲಾಗುವುದು ಎಂದು ನಿರ್ದೇಶಕರು ಭರವಸೆಯಿತ್ತರು. ಮೇಷ್ಟ್ರೂ ಚಪ್ಪಾಳೆ ತಟ್ಟಿದರು, ಎಲ್ಲರಿಗಿಂತ ಸ್ವಲ್ಪ ಹೊತ್ತು ಜಾಸ್ತಿಯೇ.

'ಮಾದರಿಯಲ್ಲಿ ಯಾವುದೇ ಬದಲಾವಣೆ ಕಂಡುಬಂದಿರುವುದಿಲ್ಲ. ಆದ್ದರಿಂದ ಸಂಶೋಧನೆ ಯಶಸ್ವಿಯಾಗಿದೆ' ಎಂಬ ತೀರ್ಮಾನದೊಂದಿಗೆ ಮೇಷ್ಟ್ರಿಗೆ ಪ್ರಥಮ ದರ್ಜೆಯಲ್ಲಿ ಪದವಿ ದೊರೆಯಿತು, ಅದರ ಬೆನ್ನಿಗೇ ಹೆಡ್ಮಾಸ್ಟರ ಕುರ್ಚಿಯೂ. ಓದುವ ಪೀರಿಯಡ್ಡನ್ನು ಮರಳಿ ತರುವ ಪ್ರಸ್ತಾವನೆಯನ್ನು ಅವರು ಮೊದಲ ದಿನವೇ ಬರೆದರು. ಮಾದರಿ ಶಾಲೆಯೊಂದರಲ್ಲಿ ಅಂಥ ಅಪಾಯಕ್ಕೆ ಅವಕಾಶವಿಲ್ಲವೆಂದು ಉತ್ತರ ಬಂತು. ಹೊಸ ಹೆಡ್ಮಾಸ್ಟರು ಅದರ ಮೇಲೆ 'ಗಮನಿಸಲಾಗಿದೆ' ಎಂದು ಬರೆದು ಸಹಿ ಹಾಕಿದರು.

ವರ್ಷದ ಕೊನೆಗೆ ಪ್ರಗತಿಪತ್ರ ಹಂಚುವ ದಿನ ಪಟಾಕಿಯ ತಾಯಿ ಬಂದಿದ್ದರು. ಮೂರು ಮನೆಗಳಲ್ಲಿ ಪಾತ್ರೆ ತೊಳೆದು, ಕೈ ಒರೆಸಿಕೊಳ್ಳುತ್ತಲೇ ಬಂದ ಹೆಂಗಸು. ಹೆಡ್ಮಾಸ್ಟರು ಕೊಟ್ಟ ಹಾಳೆಯನ್ನು ತಿರುಗಿಸಿ ಮುರುಗಿಸಿ ನೋಡಿ, ಮಗಳ ಕೈಗಿತ್ತರು.

"ನಂಗೇನ್ ಗೊತ್ತಾಗತ್ತೆ ಇದು. ಏನ್ ಬರ್ದಿದಾರೆ, ಓದಿ ಹೇಳೇ."

ಹುಡುಗಿ ಹೆಡ್ಮಾಸ್ಟರ ಕಡೆ ಒಮ್ಮೆ ನೋಡಿದಳು. ಅವರು ರಿಜಿಸ್ಟರಿನಲ್ಲಿ ಏನನ್ನೋ ಹುಡುಕುತ್ತಿದ್ದರು. ಅವಳು ಹಾಳೆಯನ್ನು ಎರಡೂ ಕೈಯಲ್ಲಿ ಹಿಡಿದು, ಎಲ್ಲೂ ತಡವರಿಸದೆ, ಅಲ್ಪವಿರಾಮ ಬಂದಲ್ಲಿ ಸರಿಯಾಗಿ ನಿಲ್ಲಿಸಿ ಓದಿದಳು:

"ಸದರಿ ವಿದ್ಯಾರ್ಥಿನಿಗೆ, ಸತತ ಪ್ರಯತ್ನದ ನಂತರವೂ, ಓದಲು ಬರುವುದಿಲ್ಲವೆಂದು ಈ ಮೂಲಕ ದೃಢೀಕರಿಸಲಾಗಿದೆ."

ತಾಯಿಯ ಮುಖ ಅರಳಿತು. "ನಿಮ್ಮ ಹೊಟ್ಟೆ ತಣ್ಣಗಿರಲಿ ಸ್ವಾಮಿ," ಎಂದು ಹೆಡ್ಮಾಸ್ಟರಿಗೆ ಕೈಮುಗಿದರು. ಹೆಡ್ಮಾಸ್ಟರು ಹಾಳೆಯನ್ನು ವಾಪಸ್ ಪಡೆದು, ಪೋಷಕರ ಹೆಬ್ಬೆಟ್ಟು ಎಲ್ಲಿ ಒತ್ತಬೇಕೆಂದು ತೋರಿಸಿದರು.