ಮೇಸ್ತ್ರಿಯ ಐದು ಪಾಯಿಂಟ್ ಒಂದು

"ಈ ಹೊಸ್ತಿಲು ದಾಟಿ ಒಬ್ಬ ಮೆಕ್ಯಾನಿಕ್ ಒಳಗೆ ಬಂದರೆ ನನ್ನ ಮೀಸೆ ಬೋಳಿಸಿಕೊಳ್ತೀನಿ!" ಎಂದು ಮೇಸ್ತ್ರಿ ಘೋಷಿಸಿದರು. ನಡುಮನೆಯಲ್ಲಿ ಹೋಮ್ ಥಿಯೇಟರಿನ ರಟ್ಟಿನ ಪೆಟ್ಟಿಗೆಗಳು ಬೆಟ್ಟದಂತೆ ಬಿದ್ದಿದ್ದವು. ಬೆಟ್ಟದ ನೆತ್ತಿಯ ಮೇಲೆ ಮೇಸ್ತ್ರಿ, ಕೈಯಲ್ಲಿ ಸ್ಕ್ರೂಡ್ರೈವರು.

"ಮೀಸೆ ಪಾಪ ಏನು ಮಾಡಿದೆ? ಅದನ್ನ ಯಾಕೆ ಪಣಕ್ಕಿಡ್ತೀರಿ?" ಎಂದರು ಹೆಂಡತಿ. "ಕಿವಿಯ ತಕರಾರು ಮೊದಲು ಇತ್ಯರ್ಥವಾಗಲಿ."

ಇವರು ಮನೆ ಕಟ್ಟಿಸುವ ಮೇಸ್ತ್ರಿಯಲ್ಲ, ಬಟ್ಟೆ ಗಿರಣಿಯ ಮೇಸ್ತ್ರಿ. ಶಾಲೆಯ ಮುಂಬಾಗಿಲಿಗಿಂತ ಹಿಂಬಾಗಿಲನ್ನೇ ಹೆಚ್ಚು ಬಲ್ಲವರು. ಆದರೂ ಮಗ್ಗದ ಮೈಮೇಲೆ ಅಂಗೈ ಇಟ್ಟರೆ ಲಾಳಿ ಎಲ್ಲಿ ಕುಂಟುತ್ತಿದೆ ಎಂದು ಹೇಳಿಬಿಡುವಷ್ಟು ವಿದ್ಯೆ ಸ್ವಂತ ಸಂಪಾದನೆ. ಗಿರಣಿಯಲ್ಲಿ ಮಗ್ಗಗಳೆಲ್ಲ ಒಟ್ಟಿಗೆ ಕುಣಿಯತೊಡಗಿದರೆ ಪಕ್ಕದಲ್ಲಿ ಸಿಡಿಲು ಬಡಿದರೂ ಕೇಳಿಸದು. ಅಲ್ಲಿನ ಜಗಳ, ಚಾಡಿ, ಹುಡುಗಾಟ ಎಲ್ಲವೂ ಬರೀ ತುಟಿಯಲ್ಲೇ ನಡೆಯುತ್ತಿತ್ತು. ಅರ್ಧ ಆಯುಸ್ಸು ಅಲ್ಲಿ ಸವೆಸಿ ನಿವೃತ್ತರಾದ ಮೇಲೆ ಆ ಪವಾಡದ ಕೈ ಮನೆಯ ಮಿಕ್ಸರು, ಫ್ಯಾನು, ಇಸ್ತ್ರಿಪೆಟ್ಟಿಗೆಗಳ ಮೇಲೆ ಆಡಿತು. ಕೆಲವು ಬದುಕಿಕೊಂಡವು.

ಕಿವಿಯ ತಕರಾರು ಶುರುವಾದದ್ದು ಹಳೆಯ ಪುಟ್ಟ ಟಿವಿಯಿಂದ. ಮೇಸ್ತ್ರಿ ಅದರ ಸದ್ದನ್ನು ಎಷ್ಟು ಏರಿಸುತ್ತಿದ್ದರೆಂದರೆ, "ನಿಮ್ಮ ಮನೆ ವಾರ್ತೆ ಕೇಳಿ ಕೇಳಿ ನಾವು ನಮ್ಮ ಟಿವಿ ಮಾರಿಬಿಟ್ವಿ" ಎಂದು ಪಕ್ಕದ ಮನೆಯಾಕೆ ಹೇಳಿ ಹೋದರು. ಅಷ್ಟಾದರೂ ಮಾತುಮಾತಿಗೆ, "ಏನಂದ? ಈಗ ಏನಂದ?"

"ಕಿವಿ ಡಾಕ್ಟರಿಗೆ ತೋರಿಸೋಣ ರೀ."

"ಡಾಕ್ಟರು ಯಾಕೆ? ನನ್ನ ಕಿವಿ ಕಂಚು! ಈ ಟಿವಿ ಗಂಟಲೇ ಸೊಳ್ಳೆ ಗಂಟಲು. ಹೋಮ್ ಥಿಯೇಟರ್ ಹಾಕಿ ತೋರಿಸ್ತೀನಿ."

"ಹಾಕಿ. ಆಮೇಲೂ ಒಂದೇ ಒಂದು ಸಲ 'ಏನಂದ' ಅಂತ ಕೇಳಿದ್ರೋ, ಮರುದಿನ ಬೆಳಿಗ್ಗೆ ಡಾಕ್ಟರ್ ಹತ್ತಿರ ಹೊರಡಬೇಕು. ಒಪ್ಪಿಗೆಯಾ?"

"ಒಪ್ಪಿಗೆ!" ಎಂದರು ಮೇಸ್ತ್ರಿ. ಹೆಂಡತಿ ಕೂಡಲೇ ತಂಗಿಗೆ ಫೋನು ಮಾಡಿ ಸಾಕ್ಷಿಗೆ ಕರೆದರು. ತಂಗಿ ಬಂದರೆ ತಂಗಿಯ ಗಂಡ, ಅಂದರೆ ಮೇಸ್ತ್ರಿಯ ಷಡ್ಡಕ, ಬಾರದಿರುತ್ತಾನೆಯೇ? ಅವನ ಮನೆಯಲ್ಲಿ ಆಗಲೇ ಹೋಮ್ ಥಿಯೇಟರ್ ಇತ್ತು. ಫೋರ್ ಕೆ, ಎಚ್‌ಡಿಆರ್, ಸಬ್‌ವೂಫರ್ ಎಂಬ ಮಂತ್ರಗಳಿಲ್ಲದೆ ಅವನ ಬಾಯಿಗೆ ತುತ್ತೂ ಇಳಿಯುತ್ತಿರಲಿಲ್ಲ.

ಮೇಸ್ತ್ರಿ ಆ ಮಂತ್ರಗಳನ್ನೆಲ್ಲ ಒಂದೇ ಏಟಿಗೆ ಅರೆದು ಕುಡಿದರು. "ಇಲ್ಲಿ ಕೇಳೇ, ಫೋರ್ ಕೆ ಅಂದರೆ ಏನೂ ಇಲ್ಲ, ಎಳೆ ಲೆಕ್ಕ! ಅಂಗುಲಕ್ಕೆ ಎಳೆ ಹೆಚ್ಚಾದಷ್ಟೂ ಬಟ್ಟೆ ನಯ, ಚುಕ್ಕೆ ಹೆಚ್ಚಾದಷ್ಟೂ ಚಿತ್ರ ನಯ. ಎಚ್‌ಡಿಆರ್ ಅಂದರೆ ಬಣ್ಣ ಹಾಕೋ ಕೆಲಸ. ಒಂದೇ ಸೀರೆಯಲ್ಲಿ ಬಿಳಿ ಬೆಳ್ಳಗೂ ಇರಬೇಕು, ಕಪ್ಪು ಕಪ್ಪಗೂ ಇರಬೇಕು, ಒಂದು ಇನ್ನೊಂದನ್ನ ನುಂಗಬಾರದು. ರಿಸೀವರ್ ಅಂದರೆ ಮೇಸ್ತ್ರಿ! ಎಲ್ಲಾ ತಂತಿಯೂ ಅವನ ಹತ್ತಿರ ಬರಬೇಕು, ಯಾರು ಯಾವಾಗ ಬಾಯಿ ಬಿಡಬೇಕು ಅಂತ ಅವನೇ ಹೇಳಬೇಕು."

"ಈ ಮನೆಯಲ್ಲಿ ಆ ರಿಸೀವರ್ ನಾನು," ಎಂದು ಹೆಂಡತಿ ಚೀಲ ಹಿಡಿದು ಪೇಟೆಗೆ ಹೊರಟರು.

ಸಿಕ್ಕು ಬಿದ್ದದ್ದು ಪೆಟ್ಟಿಗೆಯ ಮೇಲೆ ಬರೆದಿದ್ದ ಐದು ಪಾಯಿಂಟ್ ಒಂದರಲ್ಲಿ. ಪೆಟ್ಟಿಗೆಗಳಿಂದ ಹೊರಬಿದ್ದವು ಒಂದೇ ಥರದ ನಾಲ್ಕು ಸ್ಪೀಕರು, ಒಂದು ದೈತ್ಯ ಡಬ್ಬ, ಮತ್ತೆ ಅಡ್ಡಕ್ಕೆ ಮಲಗಿದಂಥ ಒಂದು ಕುಳ್ಳ ಡಬ್ಬಿ. ಮೇಸ್ತ್ರಿ ಬೆರಳು ಮಡಚಿದರು. ಕೋಣೆಗೆ ನಾಲ್ಕು ಮೂಲೆ, ನಾಲ್ಕು ಸ್ಪೀಕರು. ದೈತ್ಯ ಸೇರಿದರೆ ಐದು. ಪಾಯಿಂಟ್ ಒಂದು ಅಂದರೆ ಹತ್ತರಲ್ಲೊಂದು ಪಾಲು. ಇದ್ದುದರಲ್ಲಿ ಕುಳ್ಳ ಯಾವುದು? ಈ ಡಬ್ಬಿ! ಮೂಲೆಯಿಲ್ಲ, ಜೋಡಿಯಿಲ್ಲ, ಗಾತ್ರವಿಲ್ಲ. ಗಿರಣಿಗೆ ಬರುತ್ತಿದ್ದ ಪ್ರತಿ ಯಂತ್ರದ ಜೊತೆಗೂ ಇಂಥದ್ದೊಂದು ಬರುತ್ತಿತ್ತಲ್ಲ. "ಸ್ಪೇರ್!" ಎಂದು ಮೇಸ್ತ್ರಿ ತೊಡೆ ತಟ್ಟಿದರು. ಹಳೆಯ ಅಂಗಿಯಲ್ಲಿ ಸುತ್ತಿ, ಬೀರುವಿನಲ್ಲಿ ಜೋಪಾನ ಮಾಡಿ, ಬೀಗ ಹಾಕಿದರು.

ಆಮೇಲೆ ಹೊಸ ಟಿವಿಯಲ್ಲಿ ಒಂದು ಸಿನಿಮಾ ಹಚ್ಚಿದರು. ಅಬ್ಬಾ! ಬಲಮೂಲೆಯಲ್ಲಿ ಮಳೆ, ಬೆನ್ನ ಹಿಂದೆ ಗುಡುಗು. ನಟರ ಮುಖ ಒಂದೊಂದೂ ಮೊರದಗಲ. ತುಟಿಯ ಬಿರುಕೂ ಎಣಿಸಬಹುದು! ಮಾತೋ, ಮುತ್ತು ಪೋಣಿಸಿದಂತೆ ಸ್ಪಷ್ಟ. ಒಂದೇ ಒಂದು 'ಏನಂದ' ಬಾಯಿಗೆ ಬರಲಿಲ್ಲ. ಮೇಸ್ತ್ರಿ ಎದ್ದು ಕನ್ನಡಿಯ ಮುಂದೆ ನಿಂತು ಮೀಸೆ ತಿರುವಿದರು.

ಭಾನುವಾರ ಮಧ್ಯಾಹ್ನ ಸಾಕ್ಷಿಗಳು ಬಂದರು. ಪರದೆ ಎಳೆದು, ದೀಪ ಆರಿಸಿ, ಮೇಸ್ತ್ರಿ ಮಹಾರಾಜರಂತೆ ರಿಮೋಟು ಎತ್ತಿದರು. ಮೊದಲ ದೃಶ್ಯದಲ್ಲೇ ರೈಲು ಬಂತು. ದೈತ್ಯ ಡಬ್ಬ ಗುಡುಗಿದ್ದೇ ತಡ, ಅಡುಗೆಮನೆಯ ಪಾತ್ರೆಯ ಮುಚ್ಚಳಗಳೆಲ್ಲ ತಾಳ ಹಾಕಿದವು. ನಾದಿನಿ ಕಿರುಚಿ ಅಕ್ಕನನ್ನು ತಬ್ಬಿಕೊಂಡಳು. ಷಡ್ಡಕ ಸೋತ ಮುಖದಲ್ಲಿ, "ಬೇಸ್ ಗಟ್ಟಿಯಾಗಿದೆ ಅಣ್ಣಾ" ಎಂದ.

ರೈಲು ನಿಂತಿತು. ಅಪ್ಪನೂ ಮಗನೂ ಎದುರುಬದುರು ನಿಂತು ಮಾತಿಗೆ ತೊಡಗಿದರು. ಪಿಟೀಲು ಅಳುತ್ತಿತ್ತು, ಮಳೆ ಸುರಿಯುತ್ತಿತ್ತು. ಷಡ್ಡಕ ಮುಂದಕ್ಕೆ ಬಾಗಿದ. ಕಿರುಬೆರಳಿನಿಂದ ಒಂದು ಕಿವಿ ಕೆರೆದುಕೊಂಡ, ಆಮೇಲೆ ಇನ್ನೊಂದು. ಆದರೆ ತುಟಿ ಪಿಟಕ್ಕೆನ್ನಲಿಲ್ಲ. ಈ ಮನೆಯಲ್ಲಿ ಇವತ್ತು ಯಾರು 'ಕೇಳಿಸ್ತಿಲ್ಲ' ಅನ್ನುತ್ತಾರೋ ಅವರನ್ನೇ ಡಾಕ್ಟರ್ ಹತ್ತಿರ ಎಳೆದೊಯ್ಯುತ್ತಾರೆಂದು ಅವನಿಗೆ ಗೊತ್ತಿತ್ತು!

ನಾದಿನಿಗೆ ಆ ಭಯವಿರಲಿಲ್ಲ. "ಭಾವ, ಇದೇನು ಮೂಕಿ ಸಿನಿಮಾನಾ?"

"ಮೂಕಿಯಂತೆ ಮೂಕಿ! 'ಹೋಗೋನು ಛತ್ರಿ ತಗೊಂಡು ಹೋಗು' ಅಂದ ಅಪ್ಪ. 'ಛತ್ರಿ ನಿಮಗೇ ಇರಲಿ, ಮನೆ ಸೋರ್ತಿದೆ' ಅಂದ ಮಗ. ಇನ್ನೆಷ್ಟು ಸ್ಪಷ್ಟವಾಗಿ ಹೇಳಬೇಕಮ್ಮಾ?"

"ಭಾವ ಕಥೆ ಕಟ್ತಿದ್ದಾರೆ ಅಕ್ಕಾ!"

ಅಕ್ಕ ಟಿವಿ ನೋಡುತ್ತಿರಲಿಲ್ಲ, ಗಂಡನ ಕಣ್ಣು ನೋಡುತ್ತಿದ್ದರು. "ರೀ, ಈಗ ಆ ತಾಯಿ ಏನಂದಳು?"

"'ಊಟ ಆರಿಹೋಗ್ತಿದೆ' ಅಂದಳು."

ತೆರೆಯ ಮೇಲಿನ ತಾಯಿ ಬೆನ್ನು ತಿರುಗಿಸಿ ಕಿಟಕಿಯತ್ತ ಹೋದಳು.

"ಈಗ?"

"ಈಗ... ಈಗ ಸುಮ್ಮನಿದ್ದಾಳೆ."

ಷಡ್ಡಕನಿಗೆ ಥಟ್ಟನೆ ಏನೋ ಹೊಳೆಯಿತು. ಎದ್ದು ಟಿವಿಯ ಕೆಳಗೆ ತಡಕಾಡಿದ. "ಅಣ್ಣಾ, ಸೆಂಟರ್ ಸ್ಪೀಕರ್ ಎಲ್ಲಿ? ಅಡ್ಡಕ್ಕೆ ಇರತ್ತಲ್ಲ, ಕುಳ್ಳಗೆ?"

"ಸ್ಪೇರಾ? ಬೀರುವಿನಲ್ಲಿದೆ."

"ಸ್ಪೇರಾ! ಮಾತೆಲ್ಲಾ ಬರೋದೇ ಅದರಲ್ಲಿ ಅಣ್ಣಾ! ಪಾಯಿಂಟ್ ಒಂದು ಅಂದರೆ ಆ ದೊಡ್ಡ ಡಬ್ಬ, ಸಬ್‌ವೂಫರ್. ಗುಡುಗೋದು ಬಿಟ್ಟು ಅದಕ್ಕೆ ಬೇರೆ ಕೆಲಸ ಇಲ್ಲ, ಅದಕ್ಕೇ ಹತ್ತರಲ್ಲೊಂದು ಪಾಲು!"

"ಕೆಲಸ ಹತ್ತರಲ್ಲೊಂದು ಪಾಲು, ಸದ್ದು ಮನೆ ತುಂಬ," ಎಂದರು ಹೆಂಡತಿ. "ಅಂಥದ್ದೊಂದು ನಮ್ಮಲ್ಲಿ ಮೊದಲೇ ಇತ್ತಲ್ಲ."

ಡಬ್ಬಿ ಬೀರುವಿನಿಂದ ಇಳಿಯಿತು, ಅಂಗಿ ಕಳಚಿತು, ತಂತಿ ಕಚ್ಚಿತು. ಷಡ್ಡಕ ಸಿನಿಮಾ ಹಿಂದಕ್ಕೆ ಓಡಿಸಿದ. "ಹೋಗೋನು ಛತ್ರಿ ತಗೊಂಡು ಹೋಗು!" ಎಂದು ಅಪ್ಪ ಗರ್ಜಿಸಿದ. ಮಗನ ಛತ್ರಿ, ಸೋರುವ ಮನೆ, ಆರುವ ಊಟ, ಒಂದಕ್ಷರವೂ ಆಚೀಚೆಯಿಲ್ಲ! ನಾದಿನಿ ಬಾಯಿ ತೆರೆದುಕೊಂಡು ಭಾವನನ್ನು ನೋಡಿದಳು. ಷಡ್ಡಕ ಕೈ ಮುಗಿದ. "ಕಿವಿಯೇ ಇಲ್ಲದೆ ಕೇಳ್ತೀರಲ್ಲ ಅಣ್ಣಾ! ಫೋರ್ ಕೆ ಇಟ್ಟುಕೊಂಡು ನಾನು ಇಷ್ಟು ದಿನ ಬರೀ ಚಿತ್ರ ನೋಡಿದೆ!"

ಆದರೆ ಬೆನ್ನು ತಿರುಗಿಸಿ 'ಸುಮ್ಮನಿದ್ದ' ಆ ತಾಯಿ ಕಿಟಕಿಯ ಬಳಿ ನಿಂತು ಪುಟಗಟ್ಟಲೆ ಗೋಳಾಡುತ್ತಿದ್ದಳು. ಅದನ್ನು ಗಮನಿಸಿದ್ದು ಹೆಂಡತಿ ಒಬ್ಬರೇ. ಮೇಸ್ತ್ರಿಯ ಎದೆ ಆಗಲೇ ಸಬ್‌ವೂಫರಿನಷ್ಟು ಉಬ್ಬಿತ್ತು. "ತುಟಿ ಓದೋ ಗಿರಣಿಯ ವಿದ್ಯೆ ಕಣಪ್ಪಾ, ಯಾವ ಕಾಲೇಜಿನಲ್ಲೂ ಸಿಗಲ್ಲ. ಒಂದು ಸಲವಾದರೂ 'ಏನಂದ' ಅಂದೆನಾ? ಪಂದ್ಯ ಗೆದ್ದೆ!"

ಹೆಂಡತಿ ಖಾಲಿ ಲೋಟಗಳನ್ನು ಎತ್ತಿಕೊಂಡರು. ಅಡುಗೆಮನೆಯ ಬಾಗಿಲಲ್ಲಿ ಬೆನ್ನು ಹಾಕಿ ನಿಂತು ಏನೋ ಹೇಳಿದರು. ಷಡ್ಡಕ ಹೊಟ್ಟೆ ಹಿಡಿದುಕೊಂಡು ನಕ್ಕ. ನಾದಿನಿ ಸೆರಗಿನಲ್ಲಿ ಮುಖ ಮುಚ್ಚಿಕೊಂಡಳು. ಮೇಸ್ತ್ರಿಗೆ ಕಂಡದ್ದು ಬರೀ ತುರುಬು! ಷಡ್ಡಕನ ಮುಖ ನೋಡಿದರು. ಅಲ್ಲಿ ತುಟಿಯೇ ಇಲ್ಲ, ಎಲ್ಲಾ ಹಲ್ಲು. ಹಲ್ಲು ಕಚ್ಚಿ ತಡೆದರು, ಮೀಸೆ ಹಿಡಿದು ತಡೆದರು. ಕೊನೆಗೆ ತಡೆಯಲಾಗಲಿಲ್ಲ.

"ಏನಂದೆ?"

ಹೆಂಡತಿ ಇತ್ತ ತಿರುಗಿ, ತುಟಿಯನ್ನು ನಿಧಾನವಾಗಿ ಅರಳಿಸಿ ಹೇಳಿದರು. "ನಾಳೆ ಬೆಳಿಗ್ಗೆ ಡಾಕ್ಟರ್ ಹತ್ತಿರ ಹೊರಡಿ ಅಂದೆ."

ಮೇಸ್ತ್ರಿ ಗಂಟಲು ಸರಿಮಾಡಿಕೊಂಡು ಗತ್ತಿನಿಂದಲೇ ಎದ್ದರು. "ಹೊರಟೆ. ಆಡಿದ ಮಾತಿಗೆ ತಪ್ಪೋನಲ್ಲ. ಆದರೆ ಒಂದು ಷರತ್ತು. ಡಾಕ್ಟರು ಬರೀ ಮಿಷನ್ನು ಕೊಡಲಿ. ಕಿವಿಗೆ ಅದನ್ನ ಫಿಟ್ ಮಾಡೋನು ನಾನೇ!"

"ಮಾಡಿಕೊಳ್ಳಿ, ಯಾರು ಬೇಡ ಅಂದರು?" ಎಂದರು ಹೆಂಡತಿ. "ಆದರೆ ಅವರು ಜೋಡಿ ಕೊಡ್ತಾರೆ ರೀ. ಒಂದನ್ನ ಸ್ಪೇರ್ ಅಂತ ಬೀರುವಿನಲ್ಲಿ ಇಟ್ಟುಬಿಟ್ಟೀರಿ!"